ಇಗ್ರಾ ಟೆಸ್ಟ್ ಶುರುವಿಂದ ಕೊನೆವರೆಗೆ: ಟಿಬಿ ಬ್ಯಾಕ್ಟೀರಿಯಾ ಕಂಡ ಬಿಳಿ ರಕ್ತಕಣ ಇಂಟರ್‌ಫೆರಾನ್ ಹೇಗೆ ಮಾಡತ್ತೆ, ನಾವು ಅದನ್ನ ಹೇಗೆ ಅಳೀಬೇಕು

ಲ್ಯಾಬ್‌ನಲ್ಲಿ ದಿನಾ ಮಾಡೋ ಟೆಸ್ಟ್‌ಗಳಲ್ಲಿ ಮುಕ್ಕಾಲುಪಾಲಿಗೆ ರಕ್ತ ಬದುಕಿರಬೇಕು ಅಂತೇನಿಲ್ಲ. ಶುಗರ್, ಕ್ರಿಯಾಟಿನಿನ್, ಥೈರಾಯ್ಡ್, ಇವೆಲ್ಲ ರಕ್ತದಲ್ಲಿ ಆಗಲೇ ಇರೋ ವಸ್ತುನ ಅಳೆಯೋದು. ಇಗ್ರಾ, ಅಂದ್ರೆ ಟಿಬಿ ಸೋಂಕಿನ ಗುರುತು ಮೈಯಲ್ಲಿದೆಯಾ ಅಂತ ನೋಡೋ ಇಂಟರ್‌ಫೆರಾನ್ ಗಾಮಾ ರಿಲೀಸ್ ಅಸ್ಸೆ ಅನ್ನೋ ರಕ್ತದ ಟೆಸ್ಟ್, ಹಾಗಲ್ಲ. ಇದರಲ್ಲಿ ನಾವು ಅಳೆಯೋ ಇಂಟರ್‌ಫೆರಾನ್ ಗಾಮಾ (ಬಿಳಿ ರಕ್ತಕಣ ಬೇರೆ ಕಣಗಳಿಗೆ ಸಂದೇಶ ಕಳಿಸೋ ಪ್ರೋಟೀನ್) ರಕ್ತ ತೆಗೆಯೋ ಹೊತ್ತಲ್ಲಿ ಹೆಚ್ಚುಕಮ್ಮಿ ಇರೋದೇ ಇಲ್ಲ, ಅದನ್ನ ಬಿಳಿ ರಕ್ತಕಣಗಳು ಟ್ಯೂಬ್ ಒಳಗೇ ರಾತ್ರಿಯಿಡೀ ಕೂತು ತಯಾರು ಮಾಡ್ಬೇಕು. ಹಾಲಿಗೆ ಹೆಪ್ಪು ಹಾಕಿ ಬೆಚ್ಚಗಿಟ್ಟ ಹಾಗೆ. ಹೆಪ್ಪು ಹಾಕಿದ ತಕ್ಷಣ ಫ್ರಿಡ್ಜ್‌ಗೆ ಇಟ್ರೆ ಬೆಳಗ್ಗೆ ಮೊಸರು ಸಿಗಲ್ಲ, ಇಲ್ಲೂ ಅದೇ ಲೆಕ್ಕ.

ಇದನ್ನ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಓದ್ತಿರೋರು, ಕಲೆಕ್ಷನ್ ಸೆಂಟರ್‌ನಲ್ಲಿ ರಕ್ತ ತೆಗೆಯೋರು, ನರ್ಸ್‌ಗಳು, ಮತ್ತೆ ಕೈಯಲ್ಲಿ ರಿಪೋರ್ಟ್ ಹಿಡ್ಕೊಂಡು ಟೆನ್ಷನ್ ಮಾಡ್ಕೊಂಡಿರೋರು ಎಲ್ರಿಗೂ ಆಗೋ ಹಾಗೆ ಬರೆದಿದ್ದೀನಿ. ಮೊದಲು ದೇಹದ ಒಳಗೆ ಏನಾಗತ್ತೆ ಅಂತ ನೋಡೋಣ, ಯಾಕಂದ್ರೆ ಅದು ಅರ್ಥವಾಗ್ದೆ ಬರೀ ಪ್ರೊಸೀಜರ್ ಬಾಯಿಪಾಠ ಮಾಡಿದ್ರೆ ಎಲ್ಲಿ ತಪ್ಪಾಯ್ತು ಅಂತ ಯಾವತ್ತೂ ಗೊತ್ತಾಗಲ್ಲ.

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳಿ

ಇಂಟರ್‌ಫೆರಾನ್ ಅಂದ ಕೂಡ್ಲೇ ವೈರಸ್ ತಾನೇ ಅಂತ ಕೇಳ್ತಾರೆ. ಆ ಹೆಸರು ಹುಟ್ಟಿದ್ದು ವೈರಸ್ ಕೆಲಸದಲ್ಲೇ, 1957ರಲ್ಲಿ ಲಂಡನ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತೆ ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆ ಮೇಲೆ ಇನ್‌ಫ್ಲುಯೆನ್ಜಾ ವೈರಸ್ ಇಟ್ಟು ನೋಡ್ತಿದ್ದಾಗ, ಒಂದು ಸಲ ವೈರಸ್ ತಾಗಿದ ಜೀವಕೋಶ ಇನ್ನೊಂದು ವೈರಸ್‌ಗೆ ಅಡ್ಡಿ ಮಾಡೋ ವಸ್ತು ಬಿಡತ್ತೆ ಅಂತ ಕಂಡು ಆ ಹೆಸರಿಟ್ರು. ಅದು ಈಗ ನಾವು ಟೈಪ್ 1 ಅನ್ನೋ ಗುಂಪು, ಆಲ್ಫಾ ಬೀಟಾ ಎಲ್ಲ ಅದರಲ್ಲೇ ಬರತ್ತೆ. ಗಾಮಾ ಬೇರೆ ಜಾತಿ. 1965ರಲ್ಲಿ ವೀಲಾಕ್ ಅನ್ನೋರು ಮನುಷ್ಯರ ಬಿಳಿ ರಕ್ತಕಣಗಳಿಗೆ ಹುರುಳಿಕಾಯಿ ಜಾತಿಯ ಬೀಜದಿಂದ ತೆಗೆದ ಫೈಟೋಹೀಮಗ್ಲುಟಿನಿನ್ ಹಾಕಿದಾಗ ಇಂಟರ್‌ಫೆರಾನ್ ಥರಾನೇ ಕೆಲಸ ಮಾಡೋ ಒಂದು ವಸ್ತು ಬಂತು ಅಂತ ಬರೆದ್ರು, ಅದೇ ಮುಂದೆ ಗಾಮಾ ಆಯ್ತು. ಆ ಫೈಟೋಹೀಮಗ್ಲುಟಿನಿನ್ ಹೆಸರು ನೆನಪಿಟ್ಕೊಳ್ಳಿ, ನೇರಳೆ ಮುಚ್ಚಳದ ಟ್ಯೂಬ್ ಹತ್ರ ಬಂದಾಗ ಮತ್ತೆ ಬೇಕಾಗತ್ತೆ.

ಬ್ಯಾಕ್ಟೀರಿಯಾ ಬಂದಾಗ್ಲೂ ಟೈಪ್ 1 ಹುಟ್ಟತ್ತೆ, ಆದ್ರೆ ಅದು ಯಾವಾಗ್ಲೂ ಒಳ್ಳೇದೇ ಮಾಡತ್ತೆ ಅಂತಿಲ್ಲ. ಕಾಯಿಲೆ ಜೋರಾಗಿರೋ ಟಿಬಿ ಪೇಷೆಂಟ್‌ಗಳ ರಕ್ತದಲ್ಲಿ ಟೈಪ್ 1 ಇಂಟರ್‌ಫೆರಾನ್‌ನ ಗುರುತು ಎದ್ದು ಕಾಣತ್ತೆ ಅಂತ 2010ರಲ್ಲಿ ತೋರಿಸಿದ್ರು. ಟಿಬಿ ವಿಷಯದಲ್ಲಿ ನಮ್ಮ ಪರ ನಿಲ್ಲೋದು ಮುಖ್ಯವಾಗಿ ಗಾಮಾ. ಇಲ್ಲಿಂದ ಮುಂದೆ ಇಂಟರ್‌ಫೆರಾನ್ ಅಂದ್ರೆ ಗಾಮಾ ಅಂತಾನೇ ಅಂದ್ಕೊಳ್ಳಿ.

ದೇಹದ ಒಳಗೆ, ಹೆಜ್ಜೆ 1: ನುಂಗೋದು

ಟಿಬಿ ಇರೋರು ಕೆಮ್ಮಿದಾಗ ಗಾಳಿಗೆ ಬರೋ ಸಣ್ಣ ಕಣಗಳು ಇನ್ನೊಬ್ರ ಶ್ವಾಸಕೋಶದ ಗಾಳಿಚೀಲದವರೆಗೂ ಹೋಗ್ತವೆ. ಅಲ್ಲಿ ಕಾವಲಿಗೆ ಇರೋ ಮ್ಯಾಕ್ರೋಫೇಜ್ ಅನ್ನೋ ಕಣ ಆ ಬ್ಯಾಕ್ಟೀರಿಯಾನ ನುಂಗತ್ತೆ. ಬೇರೆ ಬ್ಯಾಕ್ಟೀರಿಯಾ ಆಗಿದ್ರೆ ನುಂಗಿದ ಚೀಲಕ್ಕೆ ಜೀರ್ಣ ಮಾಡೋ ಲೈಸೋಸೋಮ್ ಬಂದು ಸೇರ್ಕೊಂಡು ಕಥೆ ಮುಗೀತಿತ್ತು. ಟಿಬಿ ಬ್ಯಾಕ್ಟೀರಿಯಾ ಆ ಸೇರೋದನ್ನೇ ತಡೀತದೆ, ತನ್ನನ್ನ ಕೊಲ್ಲಬೇಕಾದ ಜೀವಕೋಶದ ಒಳಗೇ ಮನೆ ಮಾಡ್ಕೊಳ್ಳತ್ತೆ. ಆದ್ರೂ ಮ್ಯಾಕ್ರೋಫೇಜ್ ಸುಮ್ನಿರಲ್ಲ, ಅದರ ಮೈಮೇಲೆ ಮತ್ತೆ ಒಳಗೆ ಇರೋ ಟಿಎಲ್‌ಆರ್2, ಟಿಎಲ್‌ಆರ್9, ನಾಡ್2 ಥರದ ಸೆನ್ಸರ್‌ಗಳು ಬ್ಯಾಕ್ಟೀರಿಯಾದ ಗೋಡೆ, ಡಿಎನ್‌ಎ ಚೂರು ಎಲ್ಲ ಗುರುತು ಹಿಡೀತವೆ, ಆಗ ಐಎಲ್-12, ಐಎಲ್-18 ಅನ್ನೋ ಸಂದೇಶಗಳು ಹೊರಗೆ ಹೋಗ್ತವೆ. ಇಂಟರ್‌ಫೆರಾನ್ ಕಥೆಯಲ್ಲಿ ಐಎಲ್-12 ಬಹಳ ದೊಡ್ಡ ಹೆಸರು.

ಹೆಜ್ಜೆ 2: ಮೊದಲು ಓಡಿ ಬರೋರು

ಐಎಲ್-12 ಮತ್ತೆ ಐಎಲ್-18 ಎರಡೂ ಸೇರಿ ತಾಗಿದ್ರೆ ನ್ಯಾಚುರಲ್ ಕಿಲ್ಲರ್ ಅನ್ನೋ ಬಿಳಿ ಕಣಗಳು ಕೆಲವೇ ಗಂಟೆಯಲ್ಲಿ ಇಂಟರ್‌ಫೆರಾನ್ ಬಿಡೋಕೆ ಶುರು ಮಾಡ್ತವೆ. ಬಂದಿರೋ ಬ್ಯಾಕ್ಟೀರಿಯಾ ಯಾವ್ದು ಅಂತ ಅವಕ್ಕೆ ಗೊತ್ತಿರಬೇಕಿಲ್ಲ, ಕೂಗು ಕೇಳಿದ್ರೆ ಸಾಕು. ಆದ್ರೆ ನೆನಪು ಇಟ್ಕೊಂಡು ಗುರಿ ಇಟ್ಟು ಹೊಡೆಯೋ ಕೆಲಸ ಇವ್ರಿಂದ ಆಗಲ್ಲ.

ಹೆಜ್ಜೆ 3: ಟಿ ಕಣಕ್ಕೆ ಪಾಠ ಆಗೋದು

ಇದೇ ನಿಜವಾದ ಜಾಗ, ನಿಧಾನವಾಗಿ ಓದಿ. ಟಿ ಕಣ ಅಂದ್ರೆ ನೆನಪು ಇಟ್ಕೊಂಡು ಗುರಿ ಇಟ್ಟು ಹೊಡೆಯೋ ಬಿಳಿ ಕಣ. ಸುದ್ದಿ ಮುಟ್ಟಿಸೋ ಡೆಂಡ್ರೈಟಿಕ್ ಕಣ ಬ್ಯಾಕ್ಟೀರಿಯಾದ ಪ್ರೋಟೀನ್‌ನ ಚೂರು ಚೂರು ಮಾಡಿ ಎಂಎಚ್‌ಸಿ ಕ್ಲಾಸ್ 2 ಅನ್ನೋ ತಟ್ಟೆ ಮೇಲೆ ಇಟ್ಕೊಂಡು ಹತ್ತಿರದ ಲಿಂಫ್ ಗ್ರಂಥಿಗೆ ಹೋಗತ್ತೆ. ಅಲ್ಲಿ ಲಕ್ಷಾಂತರ ಸಿಡಿ4 ಟಿ ಕಣಗಳು ಓಡಾಡ್ತಿರ್ತವೆ, ಒಂದೊಂದಕ್ಕೂ ಒಂದೊಂದು ಥರದ ರಿಸೆಪ್ಟರ್, ಈ ಚೂರಿಗೆ ಸರಿಯಾಗಿ ಕೂರೋ ರಿಸೆಪ್ಟರ್ ಇರೋದು ಕೈಬೆರಳಲ್ಲಿ ಎಣಿಸೋ ಅಷ್ಟರಲ್ಲಿ ಮಾತ್ರ. ಅಂಥ ಕಣ ಸಿಕ್ಕಾಗ ಮೂರು ಸಿಗ್ನಲ್ ಬೇಕು. ಚೂರು ರಿಸೆಪ್ಟರ್‌ಗೆ ಕೂರೋದು ಒಂದು. ಡೆಂಡ್ರೈಟಿಕ್ ಕಣದ ಮೇಲಿರೋ ಸಿಡಿ80, ಸಿಡಿ86 ಹೋಗಿ ಟಿ ಕಣದ ಸಿಡಿ28ನ ಮುಟ್ಟೋದು ಎರಡನೇದು, ಇದು ಇಲ್ದೇ ಇದ್ರೆ ಟಿ ಕಣ ಎಚ್ಚರ ಆಗೋ ಬದಲು ಮಂಕಾಗತ್ತೆ. ಮೂರನೇದು ಆಗ ಹೇಳಿದ ಐಎಲ್-12.

ಐಎಲ್-12 ತಾಗಿದ ಟಿ ಕಣದ ಒಳಗೆ ಸ್ಟ್ಯಾಟ್4 ಅನ್ನೋ ಪ್ರೋಟೀನ್ ಎಚ್ಚರ ಆಗತ್ತೆ, ಅದರ ಜೊತೆಗೆ ಟಿ-ಬೆಟ್ ಅನ್ನೋ ಪ್ರೋಟೀನ್ ಮೇಲೆ ಬರತ್ತೆ, ಈ ಟಿ-ಬೆಟ್ ಹೋಗಿ 12ನೇ ಕ್ರೋಮೋಸೋಮ್‌ನಲ್ಲಿರೋ ಇಂಟರ್‌ಫೆರಾನ್ ಗಾಮಾ ಜೀನ್ ಹತ್ರ ಕೂತು ಅಲ್ಲಿವರೆಗೂ ಬಿಗಿಯಾಗಿ ಸುತ್ತಿಟ್ಟಿದ್ದ ಡಿಎನ್‌ಎನ ಸಡಿಲ ಮಾಡತ್ತೆ. ಆಮೇಲೆ ಆ ಜೀನ್ ಓದಿ ಆರ್‌ಎನ್‌ಎ ಆಗತ್ತೆ, ಆರ್‌ಎನ್‌ಎಯಿಂದ 166 ಅಮೈನೋ ಆಸಿಡ್‌ನ ಸರ ಆಗತ್ತೆ, ಹೊರಗೆ ಹೋಗೋ ದಾರಿಯಲ್ಲಿ ಮೊದಲ 23 ಕತ್ತರಿಸಿ ಹೋಗಿ 143 ಉಳೀತವೆ, ಅಂಥ ಎರಡು ಸರ ಒಂದಕ್ಕೊಂದು ಹೆಣೆದ್ಕೊಂಡು ಜೋಡಿಯಾಗಿ ಕೆಲಸಕ್ಕೆ ಇಳೀತವೆ. ಈ ಥರ ಪಾಠ ಆದ ಟಿ ಕಣಕ್ಕೆ ಟಿಎಚ್1 ಅಂತ ಹೆಸರು. ಸಿಡಿ8 ಟಿ ಕಣಗಳೂ ಇಂಟರ್‌ಫೆರಾನ್ ಮಾಡ್ತವೆ, ಅವಕ್ಕೆ ಚೂರು ತೋರಿಸೋದು ಕ್ಲಾಸ್ 1 ತಟ್ಟೆ ಮೇಲೆ.

ಇದರಲ್ಲಿ ಎರಡು ವಿಷಯ ಲ್ಯಾಬ್‌ಗೆ ನೇರ ಸಂಬಂಧ ಇದೆ. ಒಂದು, ಪಾಠ ಆಗೋಕೆ ಟೈಮ್ ಬೇಕು, ಟಿಬಿಯಲ್ಲಂತೂ ಇನ್ನೂ ಜಾಸ್ತಿ ಬೇಕು, ಅದಕ್ಕೇ ಸೋಂಕು ತಗುಲಿದ ಮೇಲೆ ಟೆಸ್ಟ್ ಪಾಸಿಟಿವ್ ಬರೋಕೆ 2ರಿಂದ 8 ವಾರ ಹಿಡಿಯತ್ತೆ. ಎರಡು, ಒಂದು ಸಲ ಸಡಿಲವಾದ ಜೀನ್ ನೆನಪಿನ ಕಣದಲ್ಲಿ ಹಾಗೇ ಸಡಿಲವಾಗೇ ಇರತ್ತೆ, ಅದೇ ಚೂರು ಮತ್ತೆ ಕಂಡ್ರೆ ವಾರಗಟ್ಟಲೆ ಬೇಡ, ಗಂಟೆಗಳಲ್ಲಿ ಇಂಟರ್‌ಫೆರಾನ್ ಹೊರಗೆ ಬರತ್ತೆ. ಇಡೀ ಇಗ್ರಾ ನಿಂತಿರೋದು ಈ ನೆನಪಿನ ಮೇಲೆ.

ಇನ್ನೊಂದು ಮಾತು. ರಕ್ತದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ಬಿಳಿ ಕಣ ನ್ಯೂಟ್ರೋಫಿಲ್, ಆದ್ರೆ ಈ ಕೆಲಸದ ಭಾರ ಹೊರೋದು ಅದಲ್ಲ, ಲಿಂಫೋಸೈಟ್, ಟಿ ಕಣಗಳು ಈ ಗುಂಪಿನವೇ. ಹಾಗಾಗಿ ಒಟ್ಟು ಡಬ್ಲ್ಯುಬಿಸಿ ಕೌಂಟ್ ಚೆನ್ನಾಗಿದ್ರೂ ಲಿಂಫೋಸೈಟ್ ಕಮ್ಮಿ ಇದ್ರೆ ಟೆಸ್ಟ್ ಕೈಕೊಡಬಹುದು.

ಹೆಜ್ಜೆ 4: ಇಂಟರ್‌ಫೆರಾನ್ ಹೋಗಿ ಮಾಡೋದೇನು

ಮ್ಯಾಕ್ರೋಫೇಜ್ ಮೈಮೇಲಿನ ರಿಸೆಪ್ಟರ್‌ಗೆ ಅದು ಕೂತಾಗ ಒಳಗೆ ಜ್ಯಾಕ್1, ಜ್ಯಾಕ್2, ಆಮೇಲೆ ಸ್ಟ್ಯಾಟ್1 ಅನ್ನೋ ಪ್ರೋಟೀನ್‌ಗಳು ಎದ್ದು ನೂರಾರು ಜೀನ್ ಆನ್ ಆಗ್ತವೆ. ತಡೆ ಹಿಡಿದಿದ್ದ ಲೈಸೋಸೋಮ್ ಬಂದು ಚೀಲಕ್ಕೆ ಸೇರ್ಕೊಳ್ಳತ್ತೆ, ಚೀಲದ ಒಳಗೆ ಆಮ್ಲ ಹೆಚ್ಚಾಗತ್ತೆ, ತಟ್ಟೆಗಳು ಜಾಸ್ತಿ ಆಗ್ತವೆ, ಅಂದ್ರೆ ಇನ್ನಷ್ಟು ಟಿ ಕಣಕ್ಕೆ ಸುದ್ದಿ ಮುಟ್ಟತ್ತೆ. ಈ ದಾರಿ ಎಷ್ಟು ಮುಖ್ಯ ಅನ್ನೋದಕ್ಕೆ ಇದು ಹುಟ್ಟಿನಿಂದಲೇ ಕೆಟ್ಟಿರೋ ಮಕ್ಕಳನ್ನ ನೋಡಿದ್ರೆ ಸಾಕು. ಐಎಲ್-12 ರಿಸೆಪ್ಟರ್ ಅಥವಾ ಇಂಟರ್‌ಫೆರಾನ್ ಗಾಮಾ ರಿಸೆಪ್ಟರ್‌ನ ಜೀನ್‌ನಲ್ಲಿ ದೋಷ ಇರೋ ಮಗುವಿಗೆ, ಉಳಿದ ಮಕ್ಕಳಿಗೆ ತೋಳಿನ ಮೇಲೆ ಬರೀ ಒಂದು ಕಲೆ ಉಳಿಸೋ ಬಿಸಿಜಿ ಲಸಿಕೆಯೇ ಮೈಯೆಲ್ಲ ಹರಡಿ ಕಾಯಿಲೆ ಆಗತ್ತೆ. ಬಿಸಿಜಿ ಹಾಕಿಸಿದ ಮೇಲೆ ಮಗುವಿಗೆ ಗಂಟುಗಳು ಊದ್ಕೊಂಡು ಜ್ವರ ಬಿಡದೇ ಹೋದ್ರೆ ಇದನ್ನೂ ಮನಸ್ಸಲ್ಲಿ ಇಟ್ಕೊಂಡು ಇಮ್ಯುನಾಲಜಿ ಗೊತ್ತಿರೋ ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಈ ನೆನಪನ್ನ ಓದೋ ಹಳೇ ದಾರಿ, ಹೊಸ ದಾರಿ

ಟಿಬಿ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದೀನಿ ಅಂತ ರಾಬರ್ಟ್ ಕಾಖ್ 1882ರಲ್ಲಿ ಹೇಳಿದ್ರು, 1890ರಲ್ಲಿ ಆ ಬ್ಯಾಕ್ಟೀರಿಯಾದಿಂದ ತೆಗೆದ ಟ್ಯೂಬರ್ಕ್ಯುಲಿನ್ ಅನ್ನೋ ಸಾರ ತಂದ್ರು. ಅದನ್ನ ಔಷಧಿ ಅಂತ ತಂದಿದ್ದು, ಔಷಧಿ ಆಗ್ಲಿಲ್ಲ, ಚರ್ಮದ ಟೆಸ್ಟ್ ಆಗಿ ಉಳೀತು, ಈಗ್ಲೂ ಮಾಂಟೂ ಅಂತ ಮಾಡ್ತೀವಿ. ಮುಂಗೈ ಮೇಲೆ 48ರಿಂದ 72 ಗಂಟೆಯಲ್ಲಿ ಏಳೋ ಗಟ್ಟಿ ಊತ ಅದೇ ಟಿ ಕಣಗಳ ಕೆಲಸ. ಬೆಂಗಳೂರಿನ ನ್ಯಾಷನಲ್ ಟಿಬಿ ಇನ್‌ಸ್ಟಿಟ್ಯೂಟ್ 1960ರ ದಶಕದ ಶುರುವಲ್ಲಿ ತುಮಕೂರು ಜಿಲ್ಲೆಯ ಹಳ್ಳಿ ಹಳ್ಳಿ ಸುತ್ತಿ ಟಿಬಿ ಸರ್ವೆ ಮಾಡಿದಾಗ್ಲೂ ಕೈಯಲ್ಲಿ ಇದ್ದ ಸಾಧನಗಳಲ್ಲಿ ಈ ಟ್ಯೂಬರ್ಕ್ಯುಲಿನ್ ಒಂದು. ತೊಂದ್ರೆ ಏನಪ್ಪಾ ಅಂದ್ರೆ ಅದರಲ್ಲಿರೋ ಪ್ರೋಟೀನ್‌ಗಳು ಬಿಸಿಜಿಯಲ್ಲೂ ಇವೆ, ಮಣ್ಣು ನೀರಿನಲ್ಲಿರೋ ಸಾಧು ಮೈಕೋಬ್ಯಾಕ್ಟೀರಿಯಾದಲ್ಲೂ (ಟಿಬಿ ಬ್ಯಾಕ್ಟೀರಿಯಾದ ನೆಂಟರು) ಇವೆ, ಹಾಗಾಗಿ ಯಾವುದರ ನೆನಪು ಅಂತ ಹೇಳೋಕಾಗಲ್ಲ.

ರಕ್ತವನ್ನೇ ಟ್ಯೂಬ್‌ನಲ್ಲಿ ಇಟ್ಟು ಇಂಟರ್‌ಫೆರಾನ್ ಅಳೆಯೋ ಐಡಿಯಾ ಬಂದಿದ್ದು ಹಸುಗಳಿಂದ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ದನಗಳ ಟಿಬಿ ಪತ್ತೆಗೆ ಇದನ್ನ ಮಾಡಿದ್ರು, ಆಮೇಲೆ ಮನುಷ್ಯರಿಗೆ ಬಂತು. ಅಷ್ಟೊತ್ತಿಗೆ ಬಿಸಿಜಿಯಲ್ಲಿ ಆರ್‌ಡಿ1 ಅನ್ನೋ ಡಿಎನ್‌ಎ ತುಂಡು ಉದುರಿ ಹೋಗಿದೆ, ಟಿಬಿ ಬ್ಯಾಕ್ಟೀರಿಯಾದಲ್ಲಿ ಹಾಗೇ ಇದೆ ಅಂತ ಗೊತ್ತಾಗಿತ್ತು. ಅದರಿಂದ ಹುಟ್ಟೋ ಇಸ್ಯಾಟ್-6, ಸಿಎಫ್‌ಪಿ-10 ಅನ್ನೋ ಎರಡು ಪ್ರೋಟೀನ್‌ಗಳನ್ನೇ ಇಗ್ರಾದಲ್ಲಿ ಹಾಕೋದು. ಅದಕ್ಕೇ ಬಿಸಿಜಿ ಹಾಕಿಸ್ಕೊಂಡಿದ್ದಕ್ಕೆ ಇಗ್ರಾ ಪಾಸಿಟಿವ್ ಬಂದಿರಬೇಕು ಅಂತ ಹೇಳೋದು ತಪ್ಪು. ಕನ್ಸಾಸಿ, ಮರೈನಮ್ ಅನ್ನೋ ಬೇರೆ ಮೈಕೋಬ್ಯಾಕ್ಟೀರಿಯಾ ಕೆಲವಲ್ಲಿ ಈ ಪ್ರೋಟೀನ್ ಇವೆ, ಅಷ್ಟರ ಮಟ್ಟಿಗೆ ಗಮನ ಇರಲಿ. ಇದೇ ಎರಡು ಪ್ರೋಟೀನ್ ಇಟ್ಕೊಂಡು ಚರ್ಮಕ್ಕೆ ಹಾಕೋ ಸೈ-ಟಿಬಿ ಅನ್ನೋ ಟೆಸ್ಟ್ ಕೂಡ ಈಗ ನಮ್ಮಲ್ಲಿ ಇದೆ.

ಈಗ ಕೆಲಸಕ್ಕೆ ಬರೋಣ: ರಕ್ತ ತೆಗೆಯೋದು

ನಾನು ಹೇಳೋದು ಕ್ವಾಂಟಿಫೆರಾನ್ ಪ್ಲಸ್ ಅನ್ನೋ ಇಗ್ರಾ ಕಿಟ್‌ನ ನಾಲ್ಕು ಟ್ಯೂಬ್ ಕ್ರಮ. ಬೂದು ಮುಚ್ಚಳದ್ದು ನಿಲ್, ಅದರಲ್ಲಿ ಏನೂ ಆಂಟಿಜನ್ (ಕಣಗಳು ಗುರುತು ಹಿಡಿಯೋ ವಸ್ತು) ಇಲ್ಲ. ಹಸಿರು ಟಿಬಿ1, ಇದರ ಪೆಪ್ಟೈಡ್, ಅಂದ್ರೆ ಆ ಎರಡು ಪ್ರೋಟೀನ್‌ನ ಚೂರು, ಸಿಡಿ4 ಕಣಗಳನ್ನ ಎಬ್ಬಿಸೋಕೆ. ಹಳದಿ ಟಿಬಿ2, ಇದರಲ್ಲಿ ಸಿಡಿ8ನೂ ಎಬ್ಬಿಸೋ ಚಿಕ್ಕ ಪೆಪ್ಟೈಡ್ ಸೇರಿಸಿದ್ದಾರೆ. ನೇರಳೆ ಮೈಟೋಜನ್, ಅದರಲ್ಲಿ ಇರೋದು ಆಗ ಹೇಳಿದ ಫೈಟೋಹೀಮಗ್ಲುಟಿನಿನ್, ಅದು ಟಿಬಿ ಗೊತ್ತಿರ್ಲಿ ಬಿಡ್ಲಿ ಎಲ್ಲ ಟಿ ಕಣವನ್ನೂ ಎಬ್ಬಿಸತ್ತೆ, ಅಂದ್ರೆ ಈ ರಕ್ತದ ಕಣಗಳಿಗೆ ಇಂಟರ್‌ಫೆರಾನ್ ಮಾಡೋ ಶಕ್ತಿ ಇದೆಯಾ ಅಂತ ಕೇಳೋ ಟ್ಯೂಬ್ ಅದು.

ಟ್ಯೂಬ್‌ಗಳು ರಕ್ತ ತುಂಬೋ ಹೊತ್ತಿಗೆ 17ರಿಂದ 25 ಡಿಗ್ರಿಯಲ್ಲಿ ಇರಬೇಕು, ಫ್ರಿಡ್ಜ್‌ನಿಂದ ಆಗ್ತಾನೆ ತೆಗೆದಿದ್ದು ಬೇಡ. ಒಂದೊಂದಕ್ಕೆ 1 ಎಂಎಲ್, 0.8ರಿಂದ 1.2ರವರೆಗೆ ನಡೆಯತ್ತೆ, ಲೇಬಲ್ ಪಕ್ಕ ಕಪ್ಪು ಗುರುತು ಇದೆ ನೋಡ್ಕೊಳ್ಳಿ. ಈ ಟ್ಯೂಬ್‌ಗಳ ಎಳೆತ ನಿಧಾನ, ರಕ್ತ ನಿಂತ ಹಾಗೆ ಕಂಡ ಮೇಲೂ ಎರಡು ಮೂರು ಸೆಕೆಂಡ್ ಸೂಜಿಯಲ್ಲೇ ಬಿಡಿ. ಬಟರ್‌ಫ್ಲೈ ಸೂಜಿ ಆದ್ರೆ ಮೊದಲು ಬೇರೆ ಒಂದು ಟ್ಯೂಬ್‌ಗೆ ಸ್ವಲ್ಪ ಎಳೆದು ಪೈಪ್‌ನ ಗಾಳಿ ಹೋಗಿಸಿ, ಇಲ್ಲಾಂದ್ರೆ ಮೊದಲ ಟ್ಯೂಬ್‌ಗೆ ಕಮ್ಮಿ ಬೀಳತ್ತೆ.

ಕರ್ನಾಟಕದಲ್ಲಿ ಕೆಲಸ ಮಾಡೋರಿಗೆ ಒಂದು ವಿಷಯ, ಇದನ್ನ ಗಮನಿಸದೇ ಇರೋರೇ ಜಾಸ್ತಿ. ಟ್ಯೂಬ್ ಒಳಗಿನ ನಿರ್ವಾತ ಊರಿನ ಎತ್ತರದ ಮೇಲೆ ಹೋಗತ್ತೆ. ಸಾಮಾನ್ಯ ಟ್ಯೂಬ್ ಸಮುದ್ರಮಟ್ಟದಿಂದ 810 ಮೀಟರ್‌ವರೆಗೆ, ಎತ್ತರದ ಊರಿನ ಟ್ಯೂಬ್ 1020ರಿಂದ 1875 ಮೀಟರ್‌ಗೆ. ಮಂಗಳೂರು, ಕಲಬುರಗಿ, ಹುಬ್ಬಳ್ಳಿಗೆ ಮೊದಲನೇದು ಸರಿ, ಮಡಿಕೇರಿಗೆ ಎರಡನೇದು. ಬೆಂಗಳೂರು ಇರೋದು ಸುಮಾರು 920 ಮೀಟರ್, ಎರಡರ ಮಧ್ಯೆ. ಇಲ್ಲಿ ಟ್ಯೂಬ್ ಸರಿಯಾಗಿ ತುಂಬ್ತಿಲ್ಲ ಅನ್ಸಿದ್ರೆ ಸಿರಿಂಜ್‌ನಲ್ಲಿ ರಕ್ತ ತೆಗೆದು ತಡ ಮಾಡ್ದೆ ಒಂದೊಂದು ಟ್ಯೂಬ್‌ಗೆ 1 ಎಂಎಲ್ ಹಾಕೋದು ಒಪ್ಪಿತ ದಾರಿ, ಸೂಜಿ ತೆಗೆದು, ಸೇಫ್ಟಿ ನೋಡ್ಕೊಂಡು, ಮುಚ್ಚಳ ಬಿಚ್ಚಿ ಹಾಕಿ ಮತ್ತೆ ಗಟ್ಟಿಯಾಗಿ ಮುಚ್ಚಿ.

ಅಲ್ಲಾಡಿಸೋದು, ಇದೇ ಅರ್ಧ ಟೆಸ್ಟ್

ತುಂಬಿದ ತಕ್ಷಣ ಹತ್ತು ಸಲ. ಇಡಿಟಿಎ ಟ್ಯೂಬ್‌ನ ಮೆಲ್ಲಗೆ ತಿರುಗಿಸಿದ ಹಾಗಲ್ಲ, ಸ್ವಲ್ಪ ಜೋರಾಗೇ. ಯಾಕೆ ಅಂದ್ರೆ ಆಂಟಿಜನ್ ನೀರಿನ ಥರ ಕೆಳಗೆ ನಿಂತಿಲ್ಲ, ಟ್ಯೂಬ್‌ನ ಒಳಗೋಡೆಗೆ ಒಣಗಿ ಅಂಟಿದೆ. ಬೆಳಕಿಗೆ ಹಿಡಿದು ನೋಡಿ, ಗೋಡೆಯ ಎಲ್ಲ ಭಾಗವೂ ಕೆಂಪಾಗಿ ಒದ್ದೆ ಆಗಿರಬೇಕು, ಮುಚ್ಚಳದ ಹತ್ರ ಬೆಳ್ಳಗೆ ಉಳಿದ್ರೆ ಅಲ್ಲಿದ್ದ ಆಂಟಿಜನ್ ರಕ್ತಕ್ಕೆ ಸಿಕ್ಕಿಲ್ಲ ಅಂತಾನೇ ಅರ್ಥ. ಮೇಲೆ ಸ್ವಲ್ಪ ನೊರೆ ಬಂದ್ರೆ ಪರವಾಗಿಲ್ಲ. ಆದ್ರೆ ಬಾಟ್ಲಿ ಕುಲುಕಿದ ಹಾಗೆ ಕುಲುಕಿದ್ರೆ ಕೆಳಗಿನ ಜೆಲ್ ಒಡೆದು ರಿಸಲ್ಟ್ ಕೆಡತ್ತೆ. ನಾಲ್ಕು ಟ್ಯೂಬ್‌ಗೂ ಒಂದೇ ಕೈ, ಒಂದೇ ಜೋರು ಇರಲಿ.

ಬೆಚ್ಚಗಿಡೋದು

ರಕ್ತ ತೆಗೆದ 16 ಗಂಟೆಯೊಳಗೆ 37 ಡಿಗ್ರಿ ಇನ್‌ಕ್ಯುಬೇಟರ್‌ಗೆ ಹೋಗಬೇಕು. ಅಲ್ಲಿವರೆಗೂ ರೂಮ್ ಟೆಂಪರೇಚರ್, ಫ್ರಿಡ್ಜ್ ಬೇಡವೇ ಬೇಡ, ಐಸ್ ಪ್ಯಾಕ್ ಬೇಡ. ಲಿಥಿಯಂ ಹೆಪಾರಿನ್ ಟ್ಯೂಬ್‌ಗೆ ತೆಗೆದು ಆಮೇಲೆ ವರ್ಗ ಮಾಡೋ ಕ್ರಮಕ್ಕೆ ಬೇರೆ ನಿಯಮ ಇದೆ, ನಾನು ಹೇಳ್ತಿರೋದು ನೇರವಾಗಿ ಈ ನಾಲ್ಕು ಟ್ಯೂಬ್‌ಗೆ ತೆಗೆದ ರಕ್ತಕ್ಕೆ.

ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಂದು ಸಲ ಹೊರಗಿನ ಕಲೆಕ್ಷನ್‌ನಿಂದ ಆರು ಜನರ ಸ್ಯಾಂಪಲ್ ಬಂತು, ಉಳಿದ ಸ್ಯಾಂಪಲ್‌ಗಳ ಜೊತೆ ಅದೇ ಕೋಲ್ಡ್ ಬಾಕ್ಸ್‌ನಲ್ಲಿ ಐಸ್ ಪ್ಯಾಕ್ ಪಕ್ಕ. ನಾನು ರಿಸೀವ್ ಮಾಡ್ಕೊಂಡೆ, ಟ್ಯೂಬ್ ಕೈಗೆ ತಣ್ಣಗೆ ತಾಗಿತ್ತು, ಆದ್ರೂ ಕೇಳ್ದೆ ಇನ್‌ಕ್ಯುಬೇಟರ್‌ಗೆ ಇಟ್ಟೆ. ಮಾರನೇ ದಿನ ಆರರಲ್ಲಿ ಐದರ ಮೈಟೋಜನ್ ಏಳಲೇ ಇಲ್ಲ. ಅದರಲ್ಲಿ ಒಬ್ಬ ಹುಡುಗಿ ಸಂಧಿವಾತಕ್ಕೆ ಬಯಲಾಜಿಕ್ (ರೋಗನಿರೋಧಕ ಶಕ್ತಿನ ತಗ್ಗಿಸೋ) ಇಂಜೆಕ್ಷನ್ ಶುರು ಮಾಡೋಕೆ ಈ ರಿಪೋರ್ಟ್‌ಗೇ ಕಾಯ್ತಿದ್ಳು, ಬೆರಳು ಮಡಚೋಕಾಗ್ದೆ ನೋವು ತಿಂತಿದ್ದ ಆ ಮಗುವನ್ನ ಅಪ್ಪ ಮತ್ತೆ ದೂರದಿಂದ ಬಸ್‌ನಲ್ಲಿ ಕರ್ಕೊಂಡು ಬಂದ್ರು. ಅವತ್ತಿಂದ ರಿಸೀವ್ ಮಾಡೋವಾಗ ಟ್ಯೂಬ್ ಮುಟ್ಟಿ ನೋಡ್ತೀನಿ, ತಣ್ಣಗಿದ್ರೆ ಅಲ್ಲೇ ರಿಜೆಕ್ಟ್ ಮಾಡಿ ಫೋನ್ ಮಾಡಿ ಹೇಳ್ತೀನಿ. ಒಂದು ದಿನ ಮೊದಲೇ ಗೊತ್ತಾದ್ರೆ ಪೇಷೆಂಟ್‌ಗೆ ಒಂದು ದಿನ ಉಳಿಯತ್ತೆ.

ಇನ್‌ಕ್ಯುಬೇಟರ್‌ಗೆ ಇಡೋಕೆ ಮುಂಚೆ ತಡ ಆಗಿದ್ರೆ ಮತ್ತೆ ಹತ್ತು ಸಲ ತಿರುಗಿಸಿ, ನೆಟ್ಟಗೆ ನಿಲ್ಲಿಸಿ, 16ರಿಂದ 24 ಗಂಟೆ ಬಿಡಿ. ಇಂಗಾಲದ ಡೈಆಕ್ಸೈಡ್, ತೇವ ಏನೂ ಬೇಡ. ಸಂಜೆ ಐದಕ್ಕೆ ಇಟ್ರೆ ಬೆಳಗ್ಗೆ ಒಂಬತ್ತಕ್ಕೆ 16 ಗಂಟೆ ಆಗತ್ತೆ, ಡ್ಯೂಟಿ ಲೆಕ್ಕಕ್ಕೆ ಅನುಕೂಲ. ಈ ರಾತ್ರಿ ಟ್ಯೂಬ್ ಒಳಗೆ ನಡೆಯೋದು ಮೇಲೆ ಹೇಳಿದ ಹೆಜ್ಜೆ 3ರ ಚಿಕ್ಕ ರೂಪ: ರಕ್ತದಲ್ಲಿರೋ ಮೊನೋಸೈಟ್‌ಗಳಂಥ ಕಣಗಳು ಪೆಪ್ಟೈಡ್ ಹಿಡಿದು ತೋರಿಸ್ತವೆ, ನೆನಪಿರೋ ಟಿ ಕಣ ಇದ್ರೆ ಅದು ಗುರುತು ಹಿಡಿದು ಇಂಟರ್‌ಫೆರಾನ್ ಪ್ಲಾಸ್ಮಾಗೆ ಬಿಡತ್ತೆ, ನೆನಪಿಲ್ದೇ ಇದ್ರೆ ಏನೂ ಆಗಲ್ಲ.

ಆಮೇಲೆ 2000ದಿಂದ 3000 ಜಿಯಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್. ಇದು ಜಿ (ಗುರುತ್ವದ ಎಷ್ಟು ಪಟ್ಟು ಅನ್ನೋ ಲೆಕ್ಕ), ಆರ್‌ಪಿಎಂ ಅಲ್ಲ, ನಿಮ್ಮ ರೋಟರ್‌ಗೆ ಲೆಕ್ಕ ಹಾಕ್ಕೊಳ್ಳಿ. ಜೆಲ್ ಮಧ್ಯಕ್ಕೆ ಬಂದು ಕಣ ಕೆಳಗೆ ಪ್ಲಾಸ್ಮಾ ಮೇಲೆ ಆಗತ್ತೆ. ಇಲ್ಲಿಂದಾಚೆಗೆ ಕಣಗಳ ಕೆಲಸ ಮುಗೀತು, ಈಗ ಫ್ರಿಡ್ಜ್‌ಗೆ ಇಡಬಹುದು, ಪ್ಲಾಸ್ಮಾ 2ರಿಂದ 8 ಡಿಗ್ರಿಯಲ್ಲಿ 28 ದಿನ ಇರತ್ತೆ.

ಎಲೈಸಾ

ಆಂಟಿಬಾಡಿಯಿಂದ ಹಿಡಿದು ಬಣ್ಣದಿಂದ ಅಳೆಯೋ ಟೆಸ್ಟ್ ಇದು, ಎಲ್ಲ ಎಲೈಸಾ ಥರಾನೇ, ಬೇಗ ಹೇಳಿ ಮುಗಿಸ್ತೀನಿ. ವೆಲ್ ತಳದಲ್ಲಿ ಇಂಟರ್‌ಫೆರಾನ್ ಹಿಡಿಯೋ ಆಂಟಿಬಾಡಿ ಆಗಲೇ ಅಂಟಿದೆ. ಕಾಂಜುಗೇಟ್ (ಬಣ್ಣ ಬರಿಸೋ ಎನ್‌ಜೈಮ್ ಅಂಟಿರೋ ಆಂಟಿಬಾಡಿ) 50 ಮೈಕ್ರೋಲೀಟರ್, ಪ್ಲಾಸ್ಮಾ ಅಥವಾ ಸ್ಟ್ಯಾಂಡರ್ಡ್ 50, ಒಂದು ನಿಮಿಷ ಶೇಕರ್, ರೂಮ್ ಟೆಂಪರೇಚರ್‌ನಲ್ಲಿ 120 ನಿಮಿಷ. ಆಮೇಲೆ 400 ಮೈಕ್ರೋಲೀಟರ್‌ನಲ್ಲಿ ಕಮ್ಮಿ ಅಂದ್ರೆ ಆರು ವಾಷ್, ಇಲ್ಲಿ ಆತುರ ಪಟ್ರೆ ನಿಲ್ ಟ್ಯೂಬೇ ಮೇಲೆ ಬಂದು ಎಲ್ಲರ ರಿಪೋರ್ಟ್ ಹಾಳು. ಸಬ್‌ಸ್ಟ್ರೇಟ್ 100, ಮೂವತ್ತು ನಿಮಿಷ, ಇಂಟರ್‌ಫೆರಾನ್ ಇರೋ ವೆಲ್ ನಿಧಾನಕ್ಕೆ ನೀಲಿ ಆಗತ್ತೆ, ಮೈಟೋಜನ್ ಸಾಲು ಮೊದಲು. ಸ್ಟಾಪ್ ಸಲ್ಯೂಷನ್ 50 ಹಾಕಿದ್ರೆ ನೀಲಿ ಹೋಗಿ ಹಳದಿ. ಐದು ನಿಮಿಷದೊಳಗೆ 450 ನ್ಯಾನೋಮೀಟರ್‌ನಲ್ಲಿ ಓದಿ. ಸ್ಟ್ಯಾಂಡರ್ಡ್‌ಗಳು ಒಂದು ಎಂಎಲ್‌ಗೆ 4, 1, 0.25 ಮತ್ತೆ 0 ಇಂಟರ್‌ನ್ಯಾಷನಲ್ ಯೂನಿಟ್ (ಮುಂದಿನ ನಂಬರ್‌ಗಳೂ ಇದೇ ಅಳತೆಯಲ್ಲಿ), ಕರ್ವ್ ಸರಿ ಇಲ್ದಿದ್ರೆ ರಿಪೋರ್ಟ್ ಕೊಡ್ಬೇಡಿ, ಪ್ಲಾಸ್ಮಾ ಇದೆಯಲ್ಲ, ಮತ್ತೆ ಹಾಕಿ.

ನಂಬರ್ ಓದೋದು

ನಿಯಮ ಇಷ್ಟು. ನಿಲ್ 8 ಅಥವಾ ಅದಕ್ಕಿಂತ ಕಮ್ಮಿ ಇದ್ದು, ಟಿಬಿ1 ಅಥವಾ ಟಿಬಿ2 ಯಾವುದಾದ್ರೂ ಒಂದರಿಂದ ನಿಲ್ ಕಳೆದ್ರೆ 0.35 ಅಥವಾ ಜಾಸ್ತಿ ಬಂದು, ಅದು ನಿಲ್‌ನ 25 ಪರ್ಸೆಂಟ್‌ಗೂ ಕಮ್ಮಿ ಇಲ್ದೇ ಇದ್ರೆ ಪಾಸಿಟಿವ್. ಆ ಮಟ್ಟಕ್ಕೆ ಬರ್ಲಿಲ್ಲ, ಮೈಟೋಜನ್ ಕಳೆ ನಿಲ್ 0.5 ಅಥವಾ ಜಾಸ್ತಿ ಇದೆ ಅಂದ್ರೆ ನೆಗೆಟಿವ್. ಟಿಬಿ ಏಳ್ಲಿಲ್ಲ, ಮೈಟೋಜನ್ನೂ 0.5 ಮುಟ್ಲಿಲ್ಲ, ಅಥವಾ ನಿಲ್ಲೇ 8 ದಾಟಿತು ಅಂದ್ರೆ ಇಂಡಿಟರ್ಮಿನೇಟ್, ಅಂದ್ರೆ ಹೌದು ಇಲ್ಲ ಎರಡೂ ಹೇಳೋಕಾಗಲ್ಲ.

ಲೆಕ್ಕ ಹಾಕಿ ನೋಡೋಣ. ನಿಲ್ 0.08, ಟಿಬಿ1 1.42, ಟಿಬಿ2 1.60, ಕಳೆದ್ರೆ 1.34 ಮತ್ತೆ 1.52, ಪಾಸಿಟಿವ್. ಇನ್ನೊಬ್ರಿಗೆ ನಿಲ್ 3.0, ಟಿಬಿ1 3.5, ಟಿಬಿ2 3.4, ಮೈಟೋಜನ್ 10. ಕಳೆದ್ರೆ 0.5, ಇದು 0.35 ದಾಟಿದೆ, ಆದ್ರೆ 3.0ರ 25 ಪರ್ಸೆಂಟ್ ಅಂದ್ರೆ 0.75, ಅದನ್ನ ದಾಟಿಲ್ಲ, ಹಾಗಾಗಿ ನೆಗೆಟಿವ್. ಮೂರನೇದು ನಿಲ್ 0.05, ಟಿಬಿ1 0.07, ಟಿಬಿ2 0.06, ಮೈಟೋಜನ್ 0.31. ಇಲ್ಲಿ ಟಿಬಿ ಟ್ಯೂಬ್ ಮಾತ್ರ ನೋಡಿದ್ರೆ ನೆಗೆಟಿವ್ ಅನ್ಸತ್ತೆ. ಆದ್ರೆ ಈ ಕಣಗಳು ಯಾವುದಕ್ಕೂ ಎದ್ದಿಲ್ಲ, ಅಂದ್ಮೇಲೆ ಟಿಬಿ ಗೊತ್ತಿಲ್ಲ ಅಂತ ಹೇಗೆ ಹೇಳೋದು? ಇದು ಇಂಡಿಟರ್ಮಿನೇಟ್. ಸ್ಟಿರಾಯ್ಡ್, ಕೀಮೋ, ಎಚ್‌ಐವಿಯಿಂದ ಲಿಂಫೋಸೈಟ್ ಇಳಿದಿದ್ರೂ ಹೀಗಾಗತ್ತೆ, ಟ್ಯೂಬ್ ತಣ್ಣಗಾಗಿದ್ರೂ, ಸರಿಯಾಗಿ ಅಲ್ಲಾಡಿಸದೇ ಇದ್ರೂ ಹೀಗೇ ಆಗತ್ತೆ. ಇದನ್ನ ನೆಗೆಟಿವ್ ಅಂತ ಓದಿ ಕಳಿಸೋದು ಅಪಾಯ, ದಯವಿಟ್ಟು ಮಾಡ್ಬೇಡಿ.

0.35ರ ಆಸುಪಾಸು ಬಂದ ನಂಬರ್‌ನ ಕಲ್ಲಿನ ಮೇಲೆ ಕೊರೆದ ಹಾಗೆ ನೋಡ್ಬೇಡಿ. ಅದೇ ಮನುಷ್ಯನ ರಕ್ತ ಇನ್ನೊಂದು ಸಲ ತೆಗೆದ್ರೆ 0.30 ಆಗಬಹುದು, 0.42 ಆಗಬಹುದು. ಪ್ರತಿ ವರ್ಷ ಟೆಸ್ಟ್ ಮಾಡಿಸ್ಕೊಳ್ಳೋ ಆಸ್ಪತ್ರೆ ಸಿಬ್ಬಂದಿಯಲ್ಲಿ ಈ ಅಂಚಿನಲ್ಲಿ ಆಚೆ ಈಚೆ ಆಗೋದು ಸಾಮಾನ್ಯ. ಡಾಕ್ಟರ್‌ಗೆ ಬರೀ ಪಾಸಿಟಿವ್ ನೆಗೆಟಿವ್ ಅಲ್ಲ, ನಾಲ್ಕೂ ನಂಬರ್ ಕಾಣೋ ಹಾಗೆ ರಿಪೋರ್ಟ್ ಕೊಡಿ.

ರಿಪೋರ್ಟ್ ಕೈಯಲ್ಲಿ ಹಿಡಿದಿರೋರಿಗೆ

ಪಾಸಿಟಿವ್ ಅಂದ್ರೆ ನಿಮ್ಮ ಟಿ ಕಣಗಳಿಗೆ ಟಿಬಿ ಬ್ಯಾಕ್ಟೀರಿಯಾದ ನೆನಪಿದೆ, ಅಷ್ಟೇ. ಬ್ಯಾಕ್ಟೀರಿಯಾ ಈಗ ಎದ್ದು ಕಾಯಿಲೆ ಮಾಡ್ತಿದೆಯಾ, ಮಲಗಿದೆಯಾ ಅಂತ ಈ ಟೆಸ್ಟ್ ಹೇಳಲ್ಲ, ಹೇಳೋಕೂ ಆಗಲ್ಲ. ನಮ್ಮ ದೇಶದಲ್ಲಿ 2019ರಿಂದ 2021ರ ಸರ್ವೆ ಪ್ರಕಾರ 15 ವರ್ಷ ದಾಟಿದೋರಲ್ಲಿ ಸುಮಾರು 31 ಪರ್ಸೆಂಟ್ ಜನರಿಗೆ ಈ ಸೋಂಕಿನ ಗುರುತು ಇದೆ. ಸೋಂಕು ಇರೋರಲ್ಲಿ ಜೀವಮಾನದಲ್ಲಿ ಕಾಯಿಲೆ ಆಗೋದು 5ರಿಂದ 10 ಪರ್ಸೆಂಟ್‌ಗೆ, ಎಚ್‌ಐವಿ ಥರ ರೋಗನಿರೋಧಕ ಶಕ್ತಿ ಕುಗ್ಗಿದ್ರೆ ಅದು ಬಹಳ ಜಾಸ್ತಿ. ಹಾಗಾಗಿ ಪಾಸಿಟಿವ್ ಬಂದ್ರೆ ಮುಂದಿನ ಹೆಜ್ಜೆ ಎದೆ ಎಕ್ಸ್‌ರೇ, ಲಕ್ಷಣ ಕೇಳೋದು, ಕೆಮ್ಮು ಕಫ ಇದ್ರೆ ಕಫದ ಮಾಲಿಕ್ಯುಲರ್ ಟೆಸ್ಟ್. ಕಾಯಿಲೆ ಇಲ್ಲ ಅಂತ ಖಾತ್ರಿ ಆದ ಮೇಲೇನೇ ತಡೆ ಔಷಧಿಯ ಮಾತು: ಆರು ತಿಂಗಳು ದಿನಾ ಐಸೋನಿಯಾಜಿಡ್, ಇಲ್ಲಾ ಮೂರು ತಿಂಗಳು ವಾರಕ್ಕೊಂದು ಸಲ ಐಸೋನಿಯಾಜಿಡ್ ಜೊತೆ ರಿಫಾಪೆಂಟೀನ್, ಯಾವ್ದು ಅಂತ ಡಾಕ್ಟರ್ ಹೇಳ್ತಾರೆ.

ಹಾಗೇ ಕೆಮ್ಮು, ಜ್ವರ, ತೂಕ ಇಳಿಯೋದು ಇರೋರಿಗೆ ಟಿಬಿ ಇದೆಯಾ ಅಂತ ನೋಡೋಕೆ ಇಗ್ರಾ ಬರೆಯೋದು ಸರಿಯಲ್ಲ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಇದನ್ನ ಸ್ಪಷ್ಟವಾಗಿ ಹೇಳಿದೆ. ಅಂಥವರಿಗೆ ಕಫದ ಟೆಸ್ಟ್ ಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಫ್ರೀ. ಟಿಬಿ ಟ್ರೀಟ್‌ಮೆಂಟ್ ಮುಗಿದ ಮೇಲೆ ವಾಸಿ ಆಯ್ತಾ ಅಂತ ಇಗ್ರಾ ಮಾಡಿಸೋದೂ ದುಡ್ಡು ದಂಡ, ನೆನಪು ಅಷ್ಟು ಸುಲಭಕ್ಕೆ ಹೋಗಲ್ಲ.

ಅಮೆರಿಕದಲ್ಲಿದ್ದು ಗ್ರೀನ್ ಕಾರ್ಡ್ ಮೆಡಿಕಲ್‌ಗೆ ಹೋಗೋ ನಮ್ಮೋರು ಬಹಳ ಜನ ಇದೇ ಟೆಸ್ಟ್‌ನಲ್ಲಿ ಪಾಸಿಟಿವ್ ಬಂದು ಗಾಬರಿ ಆಗ್ತಾರೆ, ಅಲ್ಲಿ 2 ವರ್ಷ ಮೇಲ್ಪಟ್ಟ ಎಲ್ರಿಗೂ ಇಗ್ರಾ ಬೇಕು. ಪಾಸಿಟಿವ್ ಬಂದ್ರೆ ಎದೆ ಎಕ್ಸ್‌ರೇ ಮಾಡಿ ನೋಡ್ತಾರೆ. ಊರಲ್ಲಿ ಹುಟ್ಟಿ ಬೆಳೆದೋರಿಗೆ ಈ ನೆನಪು ಇರೋದು ಆಶ್ಚರ್ಯ ಅಲ್ಲ, ಅಮ್ಮ ಅಪ್ಪನ ಹತ್ರ ಫೋನ್‌ನಲ್ಲಿ ಅಳೋ ಮುಂಚೆ ಎಕ್ಸ್‌ರೇ ಆಗ್ಲಿ.

ಇನ್ನು ಟೈಮಿಂಗ್. ದಡಾರದ ಥರದ ಜೀವಂತ ಲಸಿಕೆ ಹಾಕಿಸೋದಿದ್ರೆ ಅವತ್ತೇ ಇಗ್ರಾಗೆ ರಕ್ತ ಕೊಡಿ, ಇಲ್ಲಾ 4ರಿಂದ 6 ವಾರ ಬಿಟ್ಟು ಕೊಡಿ, ಮಧ್ಯೆ ಕೊಟ್ರೆ ಟಿ ಕಣಗಳ ಉತ್ತರ ಕುಗ್ಗಿರಬಹುದು. ಮನೆಯಲ್ಲಿ ಯಾರಿಗಾದ್ರೂ ಟಿಬಿ ಅಂತ ಗೊತ್ತಾಗಿ ಉಳಿದೋರಿಗೆ ಟೆಸ್ಟ್ ಮಾಡೋವಾಗ 5 ವರ್ಷದೊಳಗಿನ ಮಗುವಿಗೆ ಇಗ್ರಾಗೆ ಕಾಯ್ಬೇಡಿ, ಕಾಯಿಲೆ ಇಲ್ಲ ಅಂತ ನೋಡಿ ನೇರ ತಡೆ ಔಷಧಿ ಕೊಡಬೇಕು ಅಂತಾನೇ 2021ರ ರಾಷ್ಟ್ರೀಯ ಮಾರ್ಗಸೂಚಿ ಹೇಳೋದು. ದೊಡ್ಡವರಲ್ಲಿ ಮೊದಲ ಟೆಸ್ಟ್ ನೆಗೆಟಿವ್ ಬಂದಿದ್ರೆ ಅದು ಪಾಠ ಇನ್ನೂ ಮುಗಿಯದೇ ಇರೋ ಟಿ ಕಣಗಳ ಉತ್ತರ ಆಗಿರಬಹುದು. ಕೊನೇ ಸಂಪರ್ಕ ಆದ ದಿನದಿಂದ 8ರಿಂದ 10 ವಾರ ಎಣಿಸಿ, ಮತ್ತೆ ಟೆಸ್ಟ್ ಮಾಡಬೇಕಾದ ಆ ತಾರೀಖನ್ನ ರಿಪೋರ್ಟ್ ಹಿಂದೆ ಪೆನ್ನಲ್ಲಿ ಬರೆದು ಕೊಡಿ, ನಿಮ್ಮ ರಿಜಿಸ್ಟರ್‌ನಲ್ಲೂ ಬರೆದಿಡಿ, ಆ ದಿನ ಅವರು ಬರದಿದ್ರೆ ಫೋನ್ ಮಾಡಿ.